ಕೋಟಿನ ಎಡಮಡಿಕೆ

ಹೋದ ವರ್ಷ ಶ್ರಾವಣದ ಎರಡನೇ ಸೋಮವಾರ ಬೆಳಿಗ್ಗೆ ಬೆಟಗೇರಿಯ ದರ್ಜಿಯೊಬ್ಬರು ತಮ್ಮ ಮನೆಯಲ್ಲಿ ತೀರಿಕೊಂಡರು. ವಯಸ್ಸು ಎಂಬತ್ತರ ಆಸುಪಾಸು; ಹುಟ್ಟಿದ ದಿನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ಸಂಜೆಯವರೆಗೂ ಮಷಿನ್ನಿನ ಮುಂದೆ ಕೂತಿದ್ದರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡಿ ಎಂದು ಅವರೇ ಕೇಳಿಕೊಂಡಿದ್ದರು. ಊರಿಗೆ ಅವರು ಮಾಸ್ತರು.

ಪತ್ರಿಕೆಯೊಂದರ ವರದಿಗಾರನಾಗಿ ಗದಗಿನಲ್ಲಿದ್ದ ಹತ್ತೊಂಬತ್ತು ವರ್ಷವೂ ನಾನು ಅವರ ಅಂಗಡಿಯ ಎದುರಿನ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಕಿಟಕಿ ತೆರೆದರೆ ಅವರ ಕಟಿಂಗ್ ಟೇಬಲ್ಲು ಕಾಣುತ್ತಿತ್ತು. ಅಲ್ಲಿ ಕೂತು ಸುದ್ದಿ ಬರೆಯುವಾಗ ನಾನು ಮೊದಲು ಗಮನಿಸಿದ್ದು ಅವರ ಕೈಯನ್ನಲ್ಲ, ಹೆದರಿಕೆಯನ್ನು.

ಯಾರೇ ಹಳೆಯ ಕೋಟು ತಂದುಕೊಟ್ಟರೂ ಅವರು ಅದನ್ನು ಕೂಡಲೇ ಮುಟ್ಟುತ್ತಿರಲಿಲ್ಲ. ಟೇಬಲ್ಲಿನ ಮೇಲೆ ಇಡಿಸುತ್ತಿದ್ದರು. ಆಮೇಲೆ ಬಗ್ಗಿ, ಕಾಲರಿನಿಂದ ಎದೆಗೆ ಇಳಿಯುವ ಮಡಿಕೆ ಇರುತ್ತದಲ್ಲ, ಅದರ ಎಡಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಮೇಲಿನಿಂದ ಕೆಳಗೆ ಮೆಲ್ಲಗೆ ಚಿವುಟುತ್ತ ಬರುತ್ತಿದ್ದರು. ಕುದಿಯುವ ಪಾತ್ರೆಯ ಕಿವಿ ಮುಟ್ಟಿ ನೋಡುವವರ ಹಾಗೆ. ಚಿವುಟಿ ಮುಗಿದ ಮೇಲೆ ಉಸಿರು ಬಿಟ್ಟು, "ಹ್ಞಾಂ, ಈಗ ಹೇಳ್ರಿ, ಏನ್ ಮಾಡಬೇಕು?" ಎನ್ನುತ್ತಿದ್ದರು.

ಎರಡನೆಯ ಹೆದರಿಕೆ ಟ್ರಯಲ್ ಸಮಯದ್ದು. ಹೊಸ ಕೋಟು ಹಾಕಿಕೊಂಡ ಗಂಡಸು ಯಾರೇ ಆಗಲಿ, ಕನ್ನಡಿಯ ಮುಂದೆ ನಿಂತು ಮಾಡುವ ಮೊದಲ ಕೆಲಸ ಒಂದೇ: ಎರಡೂ ಕೈಯಿಂದ ಎದೆಯ ಮಡಿಕೆ ಎಳೆದು ಸರಿ ಮಾಡಿಕೊಳ್ಳುವುದು. ಗಿರಾಕಿಯ ಕೈ ಎದೆಯ ಹತ್ತಿರ ಹೋಗುತ್ತಿದ್ದಂತೆ ಮಾಸ್ತರು ಅವನ ಬೆನ್ನ ಹಿಂದೆ ಇರುತ್ತಿದ್ದರು. ಒಮ್ಮೆ ಲಕ್ಷ್ಮೇಶ್ವರದ ವಕೀಲರೊಬ್ಬರು ಕರಿಕೋಟು ಹಾಕಿ ನೋಡಲು ಬಂದಿದ್ದರು. ಅವರ ಕೈ ಎದೆಗೆ ಹೋದದ್ದೇ ಮಾಸ್ತರು ಚಾಕು ಕಂಡವರಂತೆ ಅವರ ಬೆನ್ನ ಹಿಂದಿನ ಟೇಬಲ್ಲಿನ ಕೆಳಗೆ ಬಗ್ಗಿದರು. ಸೀಮೆಸುಣ್ಣ ಹುಡುಕುವ ನೆಪ.

"ಮಾಸ್ತರ, ನಾನೇನು ಹುಲಿ ಏನ್ರಿ? ಮುಂದ ಬಂದು ನೋಡ್ರಿ, ಹೆಂಗ ಕಾಣತೈತಿ."

"ಕೋಟು ಹಿಂದಿಂದ ನೋಡಿದ್ರನ ಗೊತ್ತಾಗೋದ್ರಿ ವಕೀಲ್ರ."

"ನ್ಯಾಯಾಧೀಶರು ನನ್ನ ಬೆನ್ನು ನೋಡಂಗಿಲ್ಲೋ ಮಾರಾಯ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಾಸ್ತರು ನಗಲಿಲ್ಲ. ವಕೀಲರು ಕೋಟು ಕಳಚುವವರೆಗೂ ಹಿಂದೆಯೇ ನಿಂತಿದ್ದರು.

ಕೆಲಸದಲ್ಲಿ ಅವರಿಗೊಂದು ಕಟ್ಟುನಿಟ್ಟು ಇತ್ತು. ಗಿರಾಕಿ ತನ್ನ ಬಾಯಿಂದ "ಬಿಚ್ರಿ" ಎಂದು ಹೇಳದೆ ಅವನ ಬಟ್ಟೆಯ ಒಂದು ಎಳೆಯನ್ನೂ ಬಿಚ್ಚುತ್ತಿರಲಿಲ್ಲ. ಪ್ಯಾಂಟು ಬಿಗಿಯಾಗಿದೆ, ಸಡಿಲ ಮಾಡಿ ಎಂದರೆ ಸಾಲದು. "ಹಂಗಾರ ಬಿಚ್ಚಲೇನ್ರಿ?" ಎಂದು ಕೇಳಿ, "ಬಿಚ್ರಿ" ಎನ್ನಿಸಿಕೊಳ್ಳುತ್ತಿದ್ದರು. ಶಿರಹಟ್ಟಿಯ ಮೇಷ್ಟ್ರೊಬ್ಬರು ರಿಪೇರಿಗೆ ಕೊಟ್ಟ ಷರಾಯಿ ಮರೆತು ವರ್ಗವಾಗಿ ಹೋಗಿ, ಹನ್ನೊಂದು ವರ್ಷದ ಮೇಲೆ ಬಂದು ನೋಡಿದರೆ, ಅದು ಕೊಟ್ಟ ಸ್ಥಿತಿಯಲ್ಲೇ ಗೂಟಕ್ಕೆ ನೇತಾಡುತ್ತಿತ್ತು. ಏನು ಮಾಡಬೇಕೆಂದು ಮೇಷ್ಟ್ರು ಹೇಳಿರಲಿಲ್ಲ, ಅದಕ್ಕೆ. ಇದು ಅಪ್ಪ ಕಲಿಸಿದ್ದು ಎನ್ನುತ್ತಿದ್ದರು. ಅವರ ಅಪ್ಪನೂ ದರ್ಜಿ. ಕತ್ತರಿ, ಬೆರಳಿಗೆ ಹಾಕುವ ಟೊಪ್ಪಿಗೆ, ಕಟ್ಟಿಗೆಯ ಗಜ, ಹೊಲಿಗೆ ಬಿಚ್ಚಲು ಮತ್ತು ಗುಂಡಿಯ ಕಾಜಾ ಕೊರೆಯಲು ಬಳಸುವ ಬೆರಳುದ್ದದ ಅಲಗು, ಎಲ್ಲವೂ ಅಪ್ಪನವೇ. ಮಹಾನವಮಿಯ ಖಂಡೆಪೂಜೆಗೆ ಅವನ್ನು ಸಾಲಾಗಿ ಇಟ್ಟು ಕುಂಕುಮ ಹಚ್ಚುತ್ತಿದ್ದರು. ಅಲಗು ಸಾಣೆ ಹಿಡಿದು ಹಿಡಿದು ಸವೆದಿತ್ತು. ಅದರ ಹಿಡಿಯೂ ಕಬ್ಬಿಣದ್ದೇ. ಹೆಬ್ಬೆರಳು ಜಾರದಂತೆ ಅಡ್ಡಡ್ಡ ಗೀರುಗಳಿದ್ದವು.

ಅಂಗಡಿಯ ಮೊಳೆಗೆ ಒಂದು ಕರಿಕೋಟು ತೂಗುತ್ತಿತ್ತು. ಅದು ಯಾರದೂ ಅಲ್ಲ, ಮದುಮಕ್ಕಳದು. ಕೋಟು ಹೊಲಿಸಲಾಗದ ಮನೆಯವರು ಮದುವೆಯ ಹಿಂದಿನ ದಿನ ಬಂದು ಒಯ್ಯುತ್ತಿದ್ದರು. ಮದುವೆಯಾದ ಮೇಲೆ ನಾಲ್ಕು ಬುಂದೆಉಂಡಿಯೊಂದಿಗೆ ತಂದು ತೂಗುಹಾಕುತ್ತಿದ್ದರು. ಬಾಡಿಗೆ ಇಲ್ಲ. ಇದನ್ನೂ ಶುರು ಮಾಡಿದವರು ಅಪ್ಪ. ಸುತ್ತಲಿನ ಹಳ್ಳಿಗಳಲ್ಲಿ ಗೋಡೆಗೆ ತೂಗಿದ ಮದುವೆಯ ಫೋಟೊ ನೋಡಿದರೆ, ಮದುಮಗನ ಮುಖ ಬೇರೆ, ಕೋಟು ಅದೇ.

ಟೇಬಲ್ಲಿನ ಕೆಳಗೆ ಒಂದು ತಗಡಿನ ಟ್ರಂಕು ಇತ್ತು. ಅದಕ್ಕೆ ಕೀಲಿ ಇರಲಿಲ್ಲ. ಅದನ್ನು ತೆರೆದದ್ದನ್ನು ನಾನು ಕಂಡಿರಲೂ ಇಲ್ಲ.

ನಾನು ಅಲ್ಲಿಗೆ ಬಂದ ಒಂಬತ್ತನೇ ವರ್ಷದ ಬೇಸಿಗೆ. ಮದುವೆಗಳ ಹಂಗಾಮು. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಮಾಸ್ತರು ನನ್ನ ಮಹಡಿ ಹತ್ತಿ ಬಂದರು. ಒಂಬತ್ತು ವರ್ಷದಲ್ಲಿ ಅದೇ ಮೊದಲು. ಒಂದು ಕಣ್ಣಿನ ಪೊರೆ ತೆಗೆಸಿ, ಅವತ್ತು ದವಾಖಾನೆಗೆ ತೋರಿಸಲು ಹೋಗಿ ಬಂದಿದ್ದರು. ಕರಿ ಕನ್ನಡಕ ಇನ್ನೂ ಮೂಗಿನ ಮೇಲಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಪೇಪರ್ ಸಾಹೇಬ್ರ, ನಿಮ್ಮ ಗಾಡಿ ಐತೇನ್ರಿ?"

"ಐತ್ರಿ. ಯಾಕ ಮಾಸ್ತರ?"

"ಕೊರ್ಲಹಳ್ಳಿಗೆ ಹೋಗಬೇಕ್ರಿ. ಈಗಿಂದೀಗ. ದಾರ್‍ಯಾಗ ಹೇಳ್ತೀನಿ."

ಕೆಳಗೆ ಇಳಿದರೆ ಅವರ ಸೊಸೆ ಅಂಗಡಿಯ ಬಾಗಿಲಲ್ಲಿ ಅಳುಮುಖ ಮಾಡಿಕೊಂಡು ನಿಂತಿದ್ದಳು. ಅವಳೂ ಹೊಲಿಗೆ ಬಲ್ಲವಳು, ರವಿಕೆ ಹೊಲಿಯುತ್ತಿದ್ದಳು. "ನನಗೇನ್ ಗೊತ್ರಿ ಅಣ್ಣಾರ," ಎಂದಳು. "ಬೆಳಿಗ್ಗೆ ಕೊರ್ಲಹಳ್ಳಿಯವ್ರು ಬಂದ್ರು. ಮೊಳಿ ಮ್ಯಾಲಿನ ಕೋಟು ನಿನ್ನೆನ ಬೆಳ್ಳಟ್ಟಿಗೆ ಹೋಗಿತ್ತು. ಲಗ್ನದವ್ರು ಬರಿಗೈಲೆ ಹೋಗಬಾರದು ಅಂತ ಟ್ರಂಕಿನ್ಯಾಗಿಂದ ಕೊಟ್ಟೆ. ಮಾವಾರು ಹಿಂಗ ಒದರ್‍ಯಾಡಿದ್ದು ನಾ ಕಂಡೇ ಇಲ್ರಿ."

"ನಿನ್ನ ತಪ್ಪಲ್ಲವ್ವಾ," ಎಂದರು ಮಾಸ್ತರು. "ನಾ ಹೇಳಿರಲಿಲ್ಲ."

ಬೆಟಗೇರಿಯಿಂದ ಕೊರ್ಲಹಳ್ಳಿಗೆ ಡಂಬಳ, ಮುಂಡರಗಿ ದಾಟಿ ಹೋಗಬೇಕು. ಐವತ್ತು ಕಿಲೋಮೀಟರಿಗೆ ಹತ್ತಿರ. ಅಕ್ಕಿಕಾಳು ಬೀಳುವ ಮುಹೂರ್ತ ಹನ್ನೆರಡೂ ಇಪ್ಪತ್ತೈದು ಎಂದು ಸೊಸೆ ಹೇಳಿದ್ದಳು. ಊರು ದಾಟಿದೆವು. ಆಮೇಲೆ ಮಾಸ್ತರು ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದರು:

"ಆ ಕೋಟಿನ ಎಡಮಡಕಿ ಹಿಂದ ಒಂದು ಕಠಾರಿ ಐತ್ರಿ."

ನಾನು ಗಾಡಿ ನಿಧಾನ ಮಾಡಿದೆ. "ನಿಲ್ಲಸಬ್ಯಾಡ್ರಿ, ನಡೀರಿ ನಡೀರಿ," ಎಂದು ಭುಜ ಹಿಂಡಿದರು.

ಹೇಳಿದ್ದಿಷ್ಟು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರ ಅಪ್ಪ ಪುಣೆಗೆ ಹೊಲಿಗೆ ಕೆಲಸಕ್ಕೆ ಹೋಗಿದ್ದರು. ಅಲ್ಲಿಂದ ಬ್ರಿಟಿಷರು ಅವರನ್ನು ಗುಡ್ಡದ ಬುಡದ ಒಂದು ಶಿಬಿರಕ್ಕೆ ಕರೆದೊಯ್ದರು. ಸಿಪಾಯಿಗಳ ಶಿಬಿರವಲ್ಲ. ಅಲ್ಲಿದ್ದವರಿಗೆ ಸಮವಸ್ತ್ರ ಹೊಲಿಯಬೇಕಾಗಿರಲಿಲ್ಲ. ಸಾದಾ ಕೋಟು, ಅದೂ ಹಳೆಯದಾಗಿ ಕಾಣುವಂಥದ್ದು.

"ಬಿಳಿ ಮಂದಿ ಇದ್ರಂತ, ಬರ್ಮಾದವರು ಇದ್ರಂತ, ನಮ್ಮವರೂ ಇದ್ರಂತ. ಹೆಸರು ಕೇಳಂಗಿಲ್ಲ. ಬರೇ ನಂಬರ. ಅವರನ್ನ ವೈರಿ ನಾಡಿನಾಗ ಇಳಿಸತಿದ್ರು. ಕೋಟಿನ ಮಡಕಿ ಹಿಂದ ಒಂದು ತೊಗಲಿನ ಒರಿ ಹೊಲಿಯೋದು ಅಪ್ಪನ ಕೆಲಸ. ಒರಿ ಅಂಚಿಗೆ ಮೊದಲ ತೂತು ಹಾಕಿರ್ತಿದ್ರು, ದಾರ ಪೋಣಿಸಾಕ. ಒರಿಯೊಳಗ ಸಣ್ಣ ಕಠಾರಿ. ಹಿಡದು ತಪಾಸ ಮಾಡಿದ್ರೂ ಸಿಗಬಾರದು."

ಎದುರಿನಿಂದ ಬಸ್ಸು ಬಂತು. ಅದು ಹೋದ ಮೇಲೆ ಮತ್ತೆ ಶುರು ಮಾಡಿದರು.

"ಮೊದಲನೇ ಕೋಟು ಹಾಕಿಸಿ ಅಪ್ಪ ಮುಂದ ನಿಂತು ನೋಡತಿದ್ದ. ಕಲಿಸೋ ಮನಷ್ಯಾ ಅದನ್ನ ಹಾಕ್ಕೊಂಡಿದ್ದ. ಕೋಟು ಸರಿ ಮಾಡ್ಕೊಳ್ಳೋರ ಹಂಗ ಎರಡೂ ಕೈ ಎದಿಗೆ ಹೋದ್ವಂತ. ಕಣ್ಣು ಪಿಳಕಿಸೋದ್ರಾಗ ತುದಿ ಅಪ್ಪನ ಗಂಟಲಿಗೆ ಮುಟ್ಟಿತ್ತು. ಆಂವ ನಕ್ಕನಂತ. ಹೊಲಿಗಿ ಚೊಲೋ ಐತಿ ಅಂದನಂತ. ಅಪ್ಪ ನಿಂತಲ್ಲೇ ಉಚ್ಚಿ ಹೊಯ್ಕೊಂಡ. ಮುಂದ ಸಾಯೋ ತನಕ ಯಾರ ಮುಂದೂ ನಿಂತು ಟ್ರಯಲ್ ನೋಡಲಿಲ್ರಿ."

ಟ್ರಂಕಿನ ಕೋಟು ಶಿಬಿರದ ಒಬ್ಬನದು. ಗುಂಡಿ ಹಚ್ಚಲು ಕೊಟ್ಟು, ನಾಳೆ ಬರುತ್ತೇನೆ ಎಂದು ಸನ್ನೆ ಮಾಡಿ ಹೋಗಿದ್ದ. ಬರಲಿಲ್ಲ. ಶಿಬಿರ ಮುಚ್ಚಿತು. ಗಿರಾಕಿ ಹೇಳದೆ ಬಿಚ್ಚುವಂತಿಲ್ಲ. ಅಪ್ಪ ಅದನ್ನು ಇದ್ದಂತೆ ಊರಿಗೆ ತಂದರು. ಮಗನಿಗೆ ಇಪ್ಪತ್ತಾದಾಗ ಹೇಳಿದರು: ಎಡಮಡಿಕೆಯಲ್ಲಿ ಅದು ಇದೆ, ಮುಟ್ಟಬೇಡ, ಯಾರಿಗೂ ಹೇಳಬೇಡ, ಪೊಲೀಸರು ಕೇಳಿದರೆ ಯಾರದೆಂದು ಹೇಳುತ್ತೀ? ಮಗ ಅದನ್ನು ಕಣ್ಣಿಂದ ನೋಡಿರಲಿಲ್ಲ. ಮಡಿಕೆಯನ್ನೂ ಎತ್ತಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ.

ಡಂಬಳದ ಹತ್ತಿರ ನಾನೇ ಗಾಡಿ ನಿಲ್ಲಿಸಿದೆ. ಫೋನ್ ಮಾಡಿ ಎಂದೆ.

"ಏನಂತ ಮಾಡ್ಲಿ? ಲಗ್ನದ ಮನಿಗೆ ಫೋನ್ ಹಚ್ಚಿ ಮದುಮಗನ ಎದಿ ಮ್ಯಾಲ ಕಠಾರಿ ಐತಿ ಅನ್ಲಿ? ಅಪಶಕುನ ಅಂತ ಲಗ್ನ ಮುರದ್ರ? ಗಾಬರಿಯಾಗಿ ಹುಡುಗ ಅಲ್ಲೇ ಕೈ ಹಾಕಿದ್ರ?"

ಕೊನೆಗೆ ಬೇರೆ ಮಾತು ಹೇಳುವುದೆಂದಾಯಿತು. ಮದುಮಗನ ತಂದೆ ಫೋನ್ ಎತ್ತಿದರು. ಹಿಂದೆ ಬ್ಯಾಂಡು ಬಾರಿಸುತ್ತಿತ್ತು. ಮಾಸ್ತರು ಕೂಗಿದರು: "ಯಜಮಾನ್ರ, ಆ ಕೋಟು ಹಾಕಬ್ಯಾಡ್ರಿ! ಎಡಗಡೆ ಹೊಲಿಗಿ ಬಿಚ್ಚೇತಿ! ನಾನ ಬರಾಕ ಹತ್ತೇನಿ!"

ಆ ಕಡೆಯ ಉತ್ತರ ನನಗೂ ಕೇಳಿಸಿತು. "ಅದಕ್ಕ ಯಾಕ ತ್ರಾಸ ತಗೋತೀರಿ ಮಾಸ್ತರ! ಅಲ್ಲೇ ಪಿನ್ನು ಚುಚ್ಚಿ ಗುಲಾಬಿ ಹೂವ ಹಚ್ಚೇವಿ. ಮಸ್ತ್ ಕಾಣತೈತಿ. ಊಟಕ್ಕ ಬರ್ರಿ!"

ಫೋನು ಕಟ್ಟಾಯಿತು. ಮಾಸ್ತರು ರಸ್ತೆಯ ಅಂಚಿನಲ್ಲಿ ಕೂತುಬಿಟ್ಟರು. ಕರಿ ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು. ಅದು ಆಪರೇಷನ್ ಆದ ಕಣ್ಣೋ ಇನ್ನೊಂದೋ ಗೊತ್ತಾಗಲಿಲ್ಲ.

"ಎಲ್ಲಾರೂ ಅಪ್ಪಿಕೋತಾರಲ್ರಿ ಮದುಮಗನ್ನ," ಎಂದರು.

ಕೊರ್ಲಹಳ್ಳಿ ಮುಟ್ಟಿದಾಗ ಹನ್ನೆರಡು ದಾಟಿ ಐದು ನಿಮಿಷ. ಮನೆಯ ಮುಂದೆ ಹಂದರ. ಹೊಳೆಯ ಕಡೆಯಿಂದ ಬಿಸಿಗಾಳಿ. ಮದುಮಗ ಧೋತರದ ಮೇಲೆ ಆ ಬೂದುಬಣ್ಣದ ಉಣ್ಣೆಯ ಕೋಟು ಹಾಕಿಕೊಂಡು ಬೆವರು ಸುರಿಸುತ್ತ ಕುರ್ಚಿಯಲ್ಲಿ ಕೂತಿದ್ದ. ಎಡಮಡಿಕೆಯ ಮೇಲೆ ಗುಲಾಬಿ. ಗುಲಾಬಿಯ ಪಕ್ಕಕ್ಕೆ ಕೆನ್ನೆ ಒತ್ತಿ ಅವನ ಅಕ್ಕನ ಕೂಸು ನಿದ್ದೆ ಮಾಡುತ್ತಿತ್ತು. ಒಂದು ವರ್ಷದ್ದಿರಬಹುದು.

ಮಾಸ್ತರು ಹಂದರದ ಕಂಬ ಹಿಡಿದರು. ಹೆಜ್ಜೆ ಮುಂದಕ್ಕೆ ಬರಲಿಲ್ಲ.

"ಏ, ಬೆಟಗೇರಿ ಮಾಸ್ತರು ಬಂದ್ರು!" ಎಂದು ಯಾರೋ ಕೂಗಿದರು. ರುಮಾಲಿನ ಹಿರಿಯರೊಬ್ಬರು, "ಕೋಟು ಮುಂದ ಕಳಿಸಿ ಬುಂದೆಉಂಡಿ ವಾಸನಿ ಹಿಡಕೊಂಡು ತಾವ ಬಂದಾರ ನೋಡು," ಎಂದರು. ಸುತ್ತ ನಗೆ. ಮದುಮಗನೂ ನಕ್ಕ. ಕೂಸು ಮಿಸುಕಿತು, ಅದರ ಕೈ ಮಡಿಕೆಯ ಅಂಚನ್ನು ಹಿಡಿಯಿತು.

ಆಗ ಮಾಸ್ತರು ನಡೆದರು. ನೆಟ್ಟಗೆ ಹೋಗಿ ಮದುಮಗನ ಮುಂದೆ ನಿಂತರು.

"ತಂಗೆವ್ವಾ, ಕೂಸು ತಗೋ," ಎಂದರು ಪಕ್ಕದಲ್ಲಿದ್ದ ಅಕ್ಕನಿಗೆ.

"ಮಲಗೇತ್ರಿ, ಇರಲಿ ಬಿಡ್ರಿ."

"ತಗೋ ಅಂದೆ."

ಅವರು ಯಾರಿಗೂ ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಕ್ಕ ಕೂಸನ್ನು ಎತ್ತಿಕೊಂಡಳು. ಮದುಮಗ ಎದ್ದು ನಿಂತ. ಎದ್ದವನು ಏನು ಮಾಡುತ್ತಾನೆ? ಎರಡೂ ಕೈ ಎದೆಗೆ ಒಯ್ದ.

ಮಾಸ್ತರು ಹಿಂದೆ ಸರಿಯಲಿಲ್ಲ. ಎರಡೂ ಮಣಿಕಟ್ಟು ಹಿಡಿದು ಕೆಳಗಿಳಿಸಿದರು. "ಕೈ ಕೆಳಗ ಇರಲಿ ತಮ್ಮಾ. ಹೊಲಿದವ್ರು ನೋಡಬೇಕು ಇದನ್ನ." ಗುಲಾಬಿಯ ಪಿನ್ನು ತೆಗೆದರು. ಹೆಬ್ಬೆರಳು, ತೋರುಬೆರಳು. ಮೇಲಿನಿಂದ ಕೆಳಗೆ. ಮತ್ತೊಮ್ಮೆ ಮೇಲಿನಿಂದ ಕೆಳಗೆ. ಅವರ ಮುಖ ನನಗೆ ಕಾಣುತ್ತಿತ್ತು. ಭಯ ಇಳಿಯಬೇಕಾದ ಜಾಗದಲ್ಲಿ ಅದು ಇಳಿಯಲಿಲ್ಲ.

ಮಡಿಕೆ ಮಗುಚಿದರು. ಹಿಂದೆ ತೊಗಲಿನ ಒರೆ ಇತ್ತು. ಬೆರಳುದ್ದ, ಅಂಚಿನ ಸುತ್ತ ತೂತು, ತೂತಿನಲ್ಲಿ ದಾರ, ಅವರು ಹೇಳಿದ್ದಂತೆಯೇ. ಆದರೆ ಚಪ್ಪಟೆಯಾಗಿತ್ತು. ಒಳಗೆ ಏನೂ ಇರಲಿಲ್ಲ. ಒರೆಯ ಬಾಯಿಯನ್ನು ಕಪ್ಪು ದಾರದಿಂದ ಐದು ಹೊಲಿಗೆ ಹಾಕಿ ಮುಚ್ಚಲಾಗಿತ್ತು. ಮಾಸ್ತರು ಆ ಐದು ಹೊಲಿಗೆಯ ಮೇಲೆ ಉಗುರು ಆಡಿಸಿದರು.

"ಏನ್ರಿ ಅದು?" ಎಂದ ಮದುಮಗ.

"ಒಳಕಿಸೆ," ಎಂದರು. "ಹಳೇ ಕಾಲದ್ದು." ಗುಲಾಬಿಯನ್ನು ಮತ್ತೆ ತಾವೇ ಚುಚ್ಚಿ, ಅವನ ಭುಜದ ಮೇಲೆ ಕೈ ಆಡಿಸಿ ಸುಕ್ಕು ತೆಗೆದರು. ಹನ್ನೆರಡೂ ಇಪ್ಪತ್ತೈದಕ್ಕೆ ಅಕ್ಕಿಕಾಳು ಬಿತ್ತು. ಊಟಕ್ಕೆ ಕೂತೆವು. ಅವರು ಹುಗ್ಗಿ ಮುಟ್ಟಲಿಲ್ಲ.

ಮರಳುವಾಗ ಮುಂಡರಗಿ ದಾಟಿದ ಮೇಲೆ ಮಾತಾಡಿದರು. "ಒರಿ ಬಾಯಿ ಹೊಲಿದದ್ದು ಅಪ್ಪನ ಕೈ. ನಾನು ಗುರ್ತಾ ಹಿಡೀತೀನಿ. ಅಂದ್ರ ಅಪ್ಪನ ತಗದಾನ. ತಗದು ಎಲ್ಲಿ ಇಟ್ಟ?"

"ಎಲ್ಲೋ ಬಾವಿಗೆ ಒಗದಿರಬೇಕು ಬಿಡ್ರಿ."

"ಅಪ್ಪ ಏನೂ ಒಗೀತಿರಲಿಲ್ರಿ. ಮುರದ ಸೂಜಿನೂ ಒಗೀತಿರಲಿಲ್ಲ." ಸ್ವಲ್ಪ ದೂರ ಹೋದ ಮೇಲೆ, "ಬ್ಯಾರೆ ಯಾರದರ ಕೋಟಿನ್ಯಾಗ ಹೊಲಿದಿದ್ರ?" ಎಂದರು.

ಅಲ್ಲಿಂದ ಕೊನೆಯವರೆಗೆ ಅವರನ್ನು ಆಳಿದ್ದು ಆ ಒಂದು ಪ್ರಶ್ನೆ. ಅವರ ಅಪ್ಪ ಊರಿಗೆ ಬಂದ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೋಟು ಹೊಲಿದಿದ್ದರು. ಅವು ಯಾರ ಯಾರ ಮನೆಯಲ್ಲಿವೆ ಎಂದು ಮಾಸ್ತರು ನೆನಪು ಮಾಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದರು. ಅಮಾವಾಸ್ಯೆಗೆ ಅಂಗಡಿ ಮುಚ್ಚಿ ಬಸ್ಸು ಹತ್ತುತ್ತಿದ್ದರು. ಲಕ್ಷ್ಮೇಶ್ವರ, ಶಿರಹಟ್ಟಿ, ಲಕ್ಕುಂಡಿ. ಬಾಗಿಲಲ್ಲಿ ನಿಂತು, "ನಿಮ್ಮ ಅಜ್ಜಾರ ಕೋಟು ಐತೇನ್ರಿ? ನಮ್ಮಪ್ಪ ಹೊಲಿದದ್ದು. ಒಮ್ಮಿ ಮುಟ್ಟಿ ನೋಡಿ ಹೋಗ್ತೀನಿ," ಎನ್ನುತ್ತಿದ್ದರು. ಜನ ಅದನ್ನು ತಂದೆಯ ಮೇಲಿನ ಮಮತೆ ಎಂದುಕೊಂಡರು. ಚಹಾ ಕೊಟ್ಟರು. ಕೆಲವರು ಕಣ್ಣೊರೆಸಿಕೊಂಡರು.

ನಾನು ಮೂರು ಸಲ ಜೊತೆಗೆ ಹೋಗಿದ್ದೆ. ಒಂದು ಮನೆಯಲ್ಲಿ ಕೋಟು ದಿಂಬಿನ ಒಳಗೆ ಸೇರಿತ್ತು. ಬೆಳ್ಳಟ್ಟಿಯ ಹೊಲವೊಂದರಲ್ಲಿ ಜೋಳದ ನಡುವೆ ಬೆದರುಬೊಂಬೆಗೆ ತೊಡಿಸಿದ್ದರು. ಮಾಸ್ತರು ಜೋಳ ಸರಿಸಿ ಹೋಗಿ ಬೊಂಬೆಯ ಮುಂದೆ ನಿಂತರು. ಗಡಿಗೆಯ ತಲೆ, ಸುಣ್ಣದ ಕಣ್ಣು, ಚಾಚಿದ ಎರಡು ಕೋಲಿನ ಕೈ. ಎಡಮಡಿಕೆ ಚಿವುಟುವಾಗ ಗಾಳಿಗೆ ಒಂದು ತೋಳು ಅವರ ಕಡೆ ಬೀಸಿತು. ಅವರು ಕೂಗಿದ ಕೂಗಿಗೆ ಹೊಲದ ಹಕ್ಕಿಗಳೆಲ್ಲ ಎದ್ದವು.

"ಬೊಂಬಿಗಿಂತ ಮಾಸ್ತರು ಚೊಲೋ ಕೆಲಸ ಮಾಡಿದ್ರು," ಎಂದ ಹೊಲದವನು. ಅವತ್ತು ಮಾತ್ರ ಮಾಸ್ತರು ನಕ್ಕದ್ದನ್ನು ನೋಡಿದೆ. ನಗುವಾಗಲೂ ಅವರ ಕೈ ತಮ್ಮ ಗಂಟಲ ಮೇಲಿತ್ತು.

ನನ್ನ ವೃತ್ತಿಯ ಅಭ್ಯಾಸದಂತೆ ನಾನು ಪರಿಶೀಲಿಸಲು ಯತ್ನಿಸಿದೆ. ಆ ಯುದ್ಧದಲ್ಲಿ ಬ್ರಿಟಿಷರು ವೈರಿಯ ನಾಡಿನೊಳಗೆ ಕಳಿಸಿದವರಿಗೆ ಕೈಗೆಟಕುವ ದೂರದಲ್ಲಿ ಕೊಲ್ಲುವ ಸಣ್ಣ ಆಯುಧಗಳನ್ನು ಕೊಟ್ಟದ್ದು ನಿಜ. ಎರಡೂ ಕಡೆ ಅಲಗಿನ ಉದ್ದ ಕಠಾರಿ, ತೋಳಿನ ಒಳಗೆ ಕಟ್ಟಿಕೊಳ್ಳುವ ಚೂಪು ಸಲಾಕೆ, ಕೋಟಿನ ಮಡಿಕೆಯ ಹಿಂದೆ ಹೊಲಿಯುವ ಬೆರಳುದ್ದದ ಅಲಗು. ಹೊಲಿಯಲು ಅಂಚಿನಲ್ಲಿ ತೂತು ಹಾಕಿದ ತೊಗಲಿನ ಒರೆಯ ಚಿತ್ರವನ್ನೂ ನೋಡಿದೆ. ಪುಣೆಯ ಹತ್ತಿರ ಅಂಥ ತರಬೇತಿ ನಡೆದಿತ್ತು ಎಂಬುದಕ್ಕೆ ಆಧಾರ ಸಿಕ್ಕಿತು. ಅಲ್ಲಿ ಬೆಟಗೇರಿಯ ದರ್ಜಿಯೊಬ್ಬ ಇದ್ದ ಎಂಬುದಕ್ಕೆ ಸಿಗಲಿಲ್ಲ. ಚಿತ್ರಗಳನ್ನು ಮಾಸ್ತರಿಗೆ ತೋರಿಸಲು ಹೋದೆ. ಅವರು ಮುಖ ತಿರುಗಿಸಿದರು. "ಬ್ಯಾಡ್ರಿ ಸಾಹೇಬ್ರ. ನೋಡಿದ್ರ ಕನಸಿನ್ಯಾಗ ಬರತೈತಿ. ಈಗ ಬರೇ ಕೈ ಬರತಾವ." ಹೇಳುತ್ತಲೇ ಆ ಸವೆದ ಅಲಗಿನಿಂದ ಕೈಯಲ್ಲಿದ್ದ ಷರಾಯಿಯ ಹೊಲಿಗೆ ಬಿಚ್ಚುತ್ತಿದ್ದರು.

ನಾನು ನಿವೃತ್ತನಾಗಿ ಊರು ಬಿಟ್ಟ ಮೇಲೂ ಫೋನ್ ಮಾಡುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಇನ್ನೆಷ್ಟು ಉಳಿದಿವೆ ಎಂದು ಕೇಳಿದರೆ, "ನಾಕು. ಒಬ್ಬರು ಕೋಟಿನ ಸಂಗಾಟನ ಮಣ್ಣಿಗೆ ಹೋಗ್ಯಾರ. ಅವರನ್ನ ಏನ್ ಮಾಡ್ಲಿ?" ಎಂದಿದ್ದರು.

ತೀರಿಕೊಂಡ ಒಂಬತ್ತನೇ ದಿನ ಹೋಗಿದ್ದೆ. ಸೊಸೆ ಟ್ರಂಕಿನಿಂದ ಬೂದು ಕೋಟು ತೆಗೆದು ಟೇಬಲ್ಲಿನ ಮೇಲೆ ಹಾಸಿದಳು. ಕೊರ್ಲಹಳ್ಳಿಯಿಂದ ಬಂದ ಮೇಲೆ ಮಾಸ್ತರು ಅವಳಿಗೆ ಎಲ್ಲವನ್ನೂ ಹೇಳಿದ್ದರು. ಒರೆಯ ಬಾಯಿಯ ಐದು ಹೊಲಿಗೆ ಹಾಗೇ ಇದ್ದವು. ಅವರೂ ಬಿಚ್ಚಿರಲಿಲ್ಲ.

"ಬಿಚ್ಚಲೇನ್ರಿ ಅಣ್ಣಾರ?" ಎಂದಳು.

ಹೇಳಬೇಕಾದವರು ಯಾರೂ ಅಲ್ಲಿರಲಿಲ್ಲ. "ಬಿಚ್ರಿ," ಎಂದೆ.

ಅವಳು ಮಷಿನ್ನಿನ ಮೇಲಿದ್ದ ಅಲಗು ತೆಗೆದುಕೊಂಡಳು, ಮಾಸ್ತರ ಅಪ್ಪನಿಂದ ಬಂದದ್ದು. ಒಂದೊಂದೇ ದಾರ ಕತ್ತರಿಸಿದಳು. ಐದನೆಯದು ಬಿಟ್ಟುಕೊಂಡಾಗ ಅಲಗಿನ ತುದಿ ಒರೆಯ ಬಾಯಿಯೊಳಗೆ ಜಾರಿತು. ಅವಳು ಒತ್ತಲಿಲ್ಲ. ಅದು ತಾನಾಗಿ ಇಳಿಯುತ್ತ ಹೋಗಿ, ಗೀರುಗಳಿದ್ದ ಹಿಡಿ ಮಾತ್ರ ಹೊರಗೆ ಉಳಿದಾಗ ನಿಂತಿತು. ಅವಳು ಕೈ ಬಿಟ್ಟಳು. ಅದು ಅಲ್ಲಿಯೇ ಕೂತಿತ್ತು.

ಒರೆ ಮತ್ತು ಅಲಗನ್ನು ನಾನು ಟೇಪಿನಿಂದ ಅಳೆದೆ. ಉದ್ದ ಒಂದೇ. ಅಗಲದಲ್ಲಿ ಅಲಗು ಒಂದು ನೂಲಿನಷ್ಟು ಕಡಿಮೆ. ಬೇರೆ ದಾಖಲೆ ಇಲ್ಲ.

ಅಂಗಡಿಯನ್ನು ಈಗ ಸೊಸೆ ನಡೆಸುತ್ತಾಳೆ. ಕರಿಕೋಟು ಮೊಳೆಯ ಮೇಲಿದೆ. ಹೋದ ವಾರ ನಾನು ಹೋದಾಗ ಅವಳು ಆ ಅಲಗಿನಿಂದ ಒಂದು ರವಿಕೆಯ ತೋಳು ಬಿಚ್ಚುತ್ತಿದ್ದಳು.